ಪುನರ್ಪುಳಿಯ ಸುದ್ದಿ ಗಿರಾಕಿಗೇ ಬರೆದೆ

ಹಿರಿಯಡ್ಕದ ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಪುನರ್ಪುಳಿಯದ್ದೇ, ಅಂದರೆ ಕೋಕಂ ಹಣ್ಣಿನದ್ದೇ ಕೆಲಸ. ಹಣ್ಣು ಒಡೆದು ಬೀಜ ತೆಗೆದು, ಒಂದು ಕೆಜಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ ಹಾಕಿ, ಭರಣಿಯನ್ನು ಅಂಗಳದ ಬಿಸಿಲಿಗಿಡುತ್ತೇವೆ. ದಿನ ಕಳೆದ ಹಾಗೆ ಸಕ್ಕರೆ ಕರಗಿ ಕಡುಕೆಂಪು ರಸ ಬಿಡುತ್ತದೆ. ಅದನ್ನು ಸೋಸಿ ಬಾಟಲಿಗೆ ತುಂಬಿಸಿ ಮಾರುವುದು ನನ್ನ ವ್ಯಾಪಾರ. ಮೊದಲು ಉಡುಪಿಯ ಎರಡು ಅಂಗಡಿಗೆ ಕೊಡುತ್ತಿದ್ದೆ, ಅಷ್ಟೇ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟ ಸೀಮೆ ನಮ್ಮದು. ಪೇಪರಿನಲ್ಲಿ ಬಂದ ಸುದ್ದಿಗೆ ಇಲ್ಲಿ ಇವತ್ತಿಗೂ ಒಂದು ತೂಕ ಉಂಟು. ನಾನೂ ಒಂದು ಪತ್ರಿಕಾ ಪ್ರಕಟಣೆ ಬರೆದು ಪೇಪರ್ ಆಫೀಸುಗಳಿಗೆ ಕಳಿಸಿದೆ. ಒಂದು ಕಡೆ ಮೂರು ಸಾಲು ಬಂತು, ಫೋನ್ ನಂಬರ್ ಇರಲಿಲ್ಲ. ಜಾಗ ಇದ್ದಷ್ಟು ಹಾಕುತ್ತಾರೆ, ಅವರನ್ನು ದೂರುವಂತಿಲ್ಲ.

ಮತ್ತೆ ಒಂದು ಸಂಸ್ಥೆಗೆ ಆರು ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ಹಂಚಿಸಿದೆ. ಹತ್ತಾರು ವೆಬ್‌ಸೈಟ್‌ಗಳಲ್ಲಿ ಒಂದೇ ಇಂಗ್ಲಿಷ್ ಬರಹ, ಎಲ್ಲದರಲ್ಲೂ ನನ್ನ ಪುಟದ ಲಿಂಕ್. ಗೂಗಲ್‌ನಲ್ಲಿ ಮೇಲೆ ಬರ್ತೀರಿ ಅಂದಿದ್ದರು. ಬರಲಿಲ್ಲ. ಜನ ಹುಡುಕುವ ಪದಗಳನ್ನೇ ಲಿಂಕ್ ಮಾಡಿ ಪ್ರಕಟಣೆಯಲ್ಲಿ ತುರುಕಿ ಹಂಚುವುದು ನಿಯಮಕ್ಕೆ ವಿರುದ್ಧ ಎಂದು ಗೂಗಲ್ 2013ರಲ್ಲೇ ಹೇಳಿತ್ತಂತೆ. ಅದು ಗೊತ್ತಾಗುವಾಗ ದುಡ್ಡು ಹೋಗಿತ್ತು.

ಆ ಮೂರು ಸಾಲಿನ ಸುದ್ದಿ ಓದಿದ ಊರಿನವರೊಬ್ಬರು ಥಾಣೆಯಲ್ಲಿರುವ ಮಗಳಿಗೆ ನನ್ನ ನಂಬರ್ ಹುಡುಕಿ ಕೊಟ್ಟಿದ್ದರು. ಆಕೆ ಫೋನ್ ಮಾಡಿದರು. "ಅಕ್ಕಾ, ಕೋಕಂ ಸಕ್ಕರೆ ಹಾಕದ್ದು ಉಂಟಾ? ಮುಂಬಯಿ ಕಡೆಗೆ ಕಳಿಸ್ತೀರಾ? ದಾರಿಯಲ್ಲಿ ಬಾಟಲಿ ಒಡೆಯುದಿಲ್ವಾ?" ಮೂರನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡೆ. ರಾತ್ರಿ ನನ್ನ ಪ್ರಕಟಣೆ ತೆಗೆದು ಓದಿದರೆ ಒಂದಕ್ಕೂ ಅದರಲ್ಲಿ ಉತ್ತರ ಇಲ್ಲ. "ಗುಣಮಟ್ಟಕ್ಕೆ ಹೆಸರಾದ ಉತ್ಪನ್ನ ಲೋಕಾರ್ಪಣೆ" ಅಂತ ಇತ್ತು. ಅದು ಸಂಪಾದಕರಿಗೆ ಬರೆದದ್ದು, ಕುಡಿಯುವವರಿಗಲ್ಲ.

ಮುಂದಿನ ಏಪ್ರಿಲ್‌ನಲ್ಲಿ ನನ್ನದೇ ಪುಟದಲ್ಲಿ ಕನ್ನಡದಲ್ಲಿ ಹಾಕಿದೆ. ತಲೆಬರಹ ಹೀಗಿತ್ತು: "ಈ ವರ್ಷದ ಪುನರ್ಪುಳಿ ಶರಬತ್ತು ತಯಾರು, 300 ಬಾಟಲಿ, ಮುಂಬಯಿ ಬೆಂಗಳೂರಿಗೆ ಕೊರಿಯರ್". ಕೆಳಗೆ ಊರು, ತಾರೀಕು. ಮೊದಲ ಸಾಲಲ್ಲೇ ಇದಕ್ಕೆ ಮುಂಬಯಿಯಲ್ಲಿ ಕೋಕಂ, ಶಿರಸಿ ಕಡೆ ಮುರುಗಲು ಎನ್ನುತ್ತಾರೆ ಎಂದು ಸೇರಿಸಿದೆ. ಅವರವರು ಹುಡುಕುವುದು ಅವರವರ ಹೆಸರಲ್ಲೇ ಅಲ್ವಾ! ಸಕ್ಕರೆ ಬೇಡದವರಿಗೆ ಒಣ ಸಿಪ್ಪೆ ಉಂಟು, ಬಾಟಲಿಯನ್ನು ಹೇಗೆ ಸುತ್ತಿ ಕಳಿಸುತ್ತೇವೆ, ರೇಟು ಎಷ್ಟು, ಎಲ್ಲ ಬರೆದೆ. ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರನ್ನೂ ಹಾಕಿದೆ.

ಒಂದು ಸಾಲು ಮಾತ್ರ ಹೊಡೆದು ಹಾಕಿದೆ. ‘ಪಿತ್ತಕ್ಕೆ ರಾಮಬಾಣ’ ಎಂದು ಬರೆದಿದ್ದೆ. ಆಹಾರದ ಜಾಹೀರಾತಿಗೆ 2018ರ ನಿಯಮ ಉಂಟು, ಕಾಯಿಲೆ ಗುಣವಾಗುತ್ತದೆ ಎಂದು ಹೇಳುವ ಹಾಗಿಲ್ಲ. ನಿಯಮ ಇರಲಿ ಬಿಡಲಿ, ನಂಬಿ ಕುಡಿಯುವವರಿಗೆ ಅಂಥ ಮಾತು ಹೇಳಬಾರದು ಎಂದೇ ನನಗನಿಸುತ್ತದೆ.

ಫೋಟೋಕ್ಕೆ ಭರಣಿಯ ಪಕ್ಕ ಸಿಪ್ಪೆ ಬಿಡಿಸಿ ಕೆಂಪಾದ ಅತ್ತೆಯ ಕೈ. ಶುರುವಲ್ಲಿ ಫೋನ್ ನಂಬರನ್ನೂ ಫೋಟೋದ ಮೇಲೆಯೇ ಬರೆಸಿದ್ದೆ. ಒತ್ತಿದರೆ ಕಾಲ್ ಹೋಗುತ್ತಿರಲಿಲ್ಲ. ಕೆಳಗೆ ಅಕ್ಷರದಲ್ಲಿ ಟೈಪ್ ಮಾಡಿದ ಮೇಲೆ ಸರಿಯಾಯಿತು.

ಆ ಪುಟವನ್ನು ಮುಂಬಯಿಯ ನಮ್ಮವರ ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಪೇಪರಿಗೂ ಕಳಿಸಿದೆ, ಅದನ್ನು ಈಗಲೂ ಬಿಟ್ಟಿಲ್ಲ. ಮೇ ಮುಗಿಯುವ ಮೊದಲೇ 300 ಬಾಟಲಿಯೂ ಹೋಯಿತು. ಜಾಸ್ತಿ ಜನ ಕೇಳಿದ್ದು ಒಣ ಸಿಪ್ಪೆ.

ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಕೆಲಸ ನಿಲ್ಲುತ್ತದೆ. ಪುಟ ಅಳಿಸುವುದಿಲ್ಲ. "ಈ ವರ್ಷದ್ದು ಮುಗಿಯಿತು, ಇನ್ನು ಏಪ್ರಿಲ್‌ಗೆ. ಬೇಕಾದವರು ನಂಬರ್ ಬಿಡಿ" ಎಂದು ಮೇಲೆ ಒಂದು ಸಾಲು ಸೇರಿಸುತ್ತೇನೆ. ಈಗ ನನ್ನ ಪುಸ್ತಕದಲ್ಲಿ 63 ನಂಬರ್ ಉಂಟು. ಹಣ್ಣು ಕೆಂಪಾದ ದಿನ ಮೊದಲ ಫೋನ್ ಥಾಣೆಗೆ.