ತೀವ್ರ ತಲೆನೋವಿರುವವರು ನಿದ್ದೆಯ ಹೊತ್ತು ಹದಕ್ಕೆ ತರುವುದು ಹೇಗೆ

ಮಲಗುವ ಹೊತ್ತಿಗಿಂತ ಮೊದಲು ಏಳುವ ಹೊತ್ತನ್ನು ಗಟ್ಟಿಮಾಡಿ. ನಿದ್ದೆ ಬರಿಸುವುದು ನಮ್ಮ ಕೈಯಲ್ಲಿಲ್ಲ, ಏಳುವುದು ಇದೆ. ಬೆಳಿಗ್ಗೆ 6 ಎಂದರೆ ಭಾನುವಾರವೂ 6; ಮದುವೆಮನೆಯಿಂದ ತಡವಾಗಿ ಬಂದಿದ್ದರೆ ಅರ್ಧ ಗಂಟೆ ಆಚೆ, ಅಷ್ಟೇ. ಮೈಗ್ರೇನ್ ಇರುವವರಿಗೆ ನಿದ್ದೆ ಕೆಟ್ಟರೂ ನೋವು, ಅತಿಯಾದರೂ ನೋವು.

ಎದ್ದ ಗಂಟೆಯೊಳಗೆ 20–30 ನಿಮಿಷ ಅಂಗಳದಲ್ಲಿರಿ. ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಗಡಿಯಾರ ಕಣ್ಣಿಗೆ ಬೀಳುವ ಬೆಳಕಿನಿಂದಲೇ ಹೊತ್ತು ಸರಿಪಡಿಸಿಕೊಳ್ಳುತ್ತದೆ. ಕಕ್ಕಡದ (ಕೊಡಗಿನಲ್ಲಿ ಜುಲೈ–ಆಗಸ್ಟ್‌ನ ಮಳೆ ತಿಂಗಳು) ಜಡಿಮಳೆಯಲ್ಲಿ ಬಿಸಿಲೇ ಕಾಣದಿದ್ದರೂ ಮೋಡದ ಬೆಳಕು ಕೋಣೆಯ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು. ಜಗಲಿಯಂಚಿನಲ್ಲಿ ಇನ್ನಷ್ಟು ಹೊತ್ತು ಕುಳಿತುಕೊಳ್ಳಿ. ನೋವು ಎದ್ದಿರುವಾಗ ಮಾತ್ರ ಬೇಡ.

ಕಾಫಿ ದಿನಕ್ಕೆ ಎರಡೇ ಲೋಟ, ಕೊನೆಯದು ಮಧ್ಯಾಹ್ನ 12ರೊಳಗೆ. ಒಳಗೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಐದಾರು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅದರಿಂದಲೇ ತಲೆ ಸಿಡಿಯುತ್ತದೆ. ಮೂರು ನಾಲ್ಕು ದಿನಕ್ಕೊಂದು ಲೋಟದಂತೆ ಇಳಿಸಿ. ಸಂಜೆ ಬಂದ ನೆಂಟರಿಗೆ ಕಾಫಿ ಕೊಟ್ಟು ನೀವು ಬಿಸಿನೀರು ಕುಡಿದರೆ ಯಾರೂ ಬೇಸರಿಸುವುದಿಲ್ಲ.

ತೋಟದವರಿಗೆ ಲಯ ತಪ್ಪುವುದು ಫೆಬ್ರವರಿ–ಮಾರ್ಚ್‌ನಲ್ಲಿ, ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸುವಾಗ. ರಾತ್ರಿ ಪಂಪು ಕಾಯಬೇಕಾದರೆ ಪಾಳಿ ಹಂಚಿಕೊಳ್ಳಿ, ತಲೆನೋವಿರುವವರಿಗೆ ಮೊದಲ ಪಾಳಿ ಕೊಡಿ. ಮರುದಿನ ಎಂದಿನ ಹೊತ್ತಿಗೇ ಎದ್ದು, ಮಧ್ಯಾಹ್ನ 3ರೊಳಗೆ 20 ನಿಮಿಷ ಮಾತ್ರ ಮಲಗಿ.

ನಾಲ್ಕು ವಾರ ಒಂದು ಪುಸ್ತಕದಲ್ಲಿ ಮಲಗಿದ್ದು, ಎದ್ದದ್ದು, ನೋವು ಶುರುವಾದ ಗಂಟೆ, ನುಂಗಿದ ಮಾತ್ರೆ ಬರೆದಿಡಿ. ತಿಂಗಳಲ್ಲಿ 15 ದಿನ ಸಾಮಾನ್ಯ ನೋವಿನ ಮಾತ್ರೆ, ಅಥವಾ 10 ದಿನ ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಕೊಡುವ ಮಾತ್ರೆ), ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಲ್ಲದು. ಜೋರು ಗೊರಕೆಯ ಜೊತೆ ಬೆಳಿಗ್ಗೆ ತಲೆಭಾರವಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ.

ಮಲಗಿದ ಒಂದೆರಡು ಗಂಟೆಗೆ, ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಒಂದೇ ಕಣ್ಣಿನ ಸುತ್ತ ಇರಿದಂತಾಗಿ ಆ ಕಣ್ಣಲ್ಲಿ ನೀರು ಸುರಿದು, ಮಲಗಲಾಗದೆ ಓಡಾಡುವಂತಾದರೆ ಅದು ಕ್ಲಸ್ಟರ್ ತಲೆನೋವಿರಬಹುದು. ಇದಕ್ಕೆ ನಿದ್ದೆಯ ಶಿಸ್ತೊಂದೇ ಸಾಲದು. ನರರೋಗ ತಜ್ಞರನ್ನು ಕಾಣಿ. ಅವರು ಹೇಳಿದರೆ ಮಾಸ್ಕಿನಲ್ಲಿ ನಿಮಿಷಕ್ಕೆ 12–15 ಲೀಟರ್ ಶುದ್ಧ ಆಮ್ಲಜನಕವನ್ನು 15 ನಿಮಿಷ ಎಳೆದುಕೊಂಡರೆ ಅನೇಕರಿಗೆ ನೋವು ಇಳಿಯುತ್ತದೆ. ಸಿಲಿಂಡರ್ ಬಳಿ ಒಲೆ, ಬೀಡಿ ಬೇಡ. ಈ ನೋವು ಬರುತ್ತಿರುವ ವಾರಗಳಲ್ಲಿ ಮದ್ಯ ಒಂದು ಗುಟುಕೂ ಬೇಡ.

ಸಿಡಿಲಿನಂತೆ ಕ್ಷಣದಲ್ಲಿ ಬಂದ ನೋವು, ಕೈಕಾಲು ಬಲಹೀನತೆ, ಜ್ವರದೊಡನೆ ಕುತ್ತಿಗೆ ಬಿಗಿತ ಇದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.