ಇಳಿಯುವುದನ್ನು ಕಲಿತ ಮೇಲೆ ಕೈಗೆ ಬಂದ ಕುಮಾರ ಪರ್ವತ

ಕುಕ್ಕೆಯಿಂದ ಹೊರಟು ಕುಮಾರ ಪರ್ವತದ ತುದಿ ಮುಟ್ಟಿ, ಅದೇ ಸಂಜೆ ಕುಕ್ಕೆಗೇ ಇಳಿದು ಬರುವುದು ಐವತ್ತು ದಾಟಿದ ಹೆಂಗಸಿನಿಂದ ಆಗುವ ಕೆಲಸವಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಚಾರಣದ ಬಳಗದವರೇ ಹೇಳಿದರು, ಮನೆಯವರು ಹೇಳಿದರು, ಮೊಣಕಾಲಿನ ಎಕ್ಸ್‌ರೇ ನೋಡಿದ ವೈದ್ಯರೂ ಹೇಳಿದರು. ಕಳೆದ ಡಿಸೆಂಬರಿನಲ್ಲಿ ಹೋಗಿ ಬಂದೆ. ಮರುದಿನ ಶಾಲೆಯ ಮೇಲಿನ ಮಹಡಿಗೆ ಹತ್ತಿ ಪಾಠವನ್ನೂ ಮಾಡಿದೆ. ನಮ್ಮೊಂದಿಗೆ ಬಂದಿದ್ದ ಎಳೆಯ ಹುಡುಗರು ಆ ವಾರವೆಲ್ಲ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು ಎಂದು ಅವರ ತಾಯಂದಿರೇ ಫೋನ್ ಮಾಡಿ ತಿಳಿಸಿದರು. ಇನ್ನು ಧೈರ್ಯವಾಗಿ ಬರೆಯಬಹುದು.

ದಾರಿಯ ವಿವರ ನಿಮಗೆಲ್ಲ ಗೊತ್ತಿರುವುದೇ: ಕಾಡು, ಭೀಮನ ಬಂಡೆ, ಗಿರಿಗದ್ದೆಯ ಭಟ್ಟರ ಮನೆ, ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷ ಪರ್ವತ, ಶೋಲಾ ಕಾಡು (ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು), ಕೊನೆಯ ಬಂಡೆ. ಹೋಗುವುದು ಹದಿಮೂರು ಕಿಲೋಮೀಟರ್ ಎನ್ನುತ್ತಾರೆ, ಬರುವುದೂ ಅಷ್ಟೇ. ತುದಿ 1,712 ಮೀಟರ್. ಕುಕ್ಕೆ ಇರುವುದು ತೀರ ತಗ್ಗಿನಲ್ಲಿ, ಹಾಗಾಗಿ ಹತ್ತಬೇಕಾದ ಎತ್ತರವೇ ಸಾವಿರದ ಐನೂರು ಮೀಟರಿಗೂ ಹೆಚ್ಚು. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವಾದರೂ ಅಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ವಾಹನವೇ ಏರಿಸಿಕೊಡುತ್ತದೆ. ಕುಕ್ಕೆಯ ಕಡೆಯಿಂದ ಈ ಬೆಟ್ಟ ಹತ್ತುವವರಿಗೆ ಆ ಸೌಕರ್ಯವಿಲ್ಲ. ಸಮುದ್ರಮಟ್ಟಕ್ಕಿಂತ ತುಸುವೇ ಮೇಲಿನಿಂದ ಶುರು ಮಾಡಬೇಕು, ಅಷ್ಟನ್ನೂ ಕಾಲಿನಲ್ಲೇ ಇಳಿಯಬೇಕು.

ಈ ಇಳಿಯುವ ಭಾಗವೇ ನನ್ನನ್ನು ವರ್ಷಗಟ್ಟಲೆ ಕಾಡಿದ್ದು. ಹಿಂದೆ ಭಟ್ಟರ ಮನೆಯ ಬಳಿ ರಾತ್ರಿ ಉಳಿದು, ಎರಡು ದಿನಕ್ಕೆ ಹಂಚಿ ಹತ್ತಿ ಇಳಿಯುತ್ತಿದ್ದೆವು. ಈಗ ಮೇಲೆ ತಂಗುವಂತಿಲ್ಲ. 2024ರ ಜನವರಿಯ ರಜೆಯಲ್ಲಿ ಒಮ್ಮೆಗೇ ಸಾವಿರಾರು ಜನ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಬಂತು. ಕಾಡಿಗೆ ಅದು ಒಳ್ಳೆಯದೇ ಆಯಿತು, ನನಗೆ ಅದರ ಬಗ್ಗೆ ದೂರಿಲ್ಲ. ಆದರೆ ಒಂದೇ ದಿನದ ಚಾರಣದಲ್ಲಿ ನನ್ನ ಕಾಲುಗಳು ಪ್ರತಿ ಸಲ ಒಂದೇ ಜಾಗದಲ್ಲಿ ಕೈಕೊಡುತ್ತಿದ್ದವು. ಹತ್ತುವಾಗ ಯಾರಿಗೂ ಹಿಂದೆ ಬೀಳುತ್ತಿರಲಿಲ್ಲ. ಮರಳಿ ಬರುವಾಗ, ಭಟ್ಟರ ಮನೆ ದಾಟಿ ಕಾಡಿನ ಬೇರುಗಳ ದಾರಿ ಶುರುವಾದ ಕೂಡಲೇ ತೊಡೆ ನಡುಗುತ್ತಿತ್ತು. ಆಮೇಲೆ ಮೊಣಕಾಲು ಹಿಡಿತ ಬಿಡುತ್ತಿತ್ತು. ಒಮ್ಮೆಯಂತೂ ಕೊನೆಯ ಮೂರು ಕಿಲೋಮೀಟರ್ ಕೂತುಕೊಂಡೇ ಜಾರಿ ಇಳಿದೆ, ಕತ್ತಲಾಗಿತ್ತು.

ಬಳಗದಲ್ಲಿ ಸಿಕ್ಕ ಸಲಹೆಯೆಲ್ಲ ಹತ್ತುವುದರ ಬಗ್ಗೆಯೇ. ಮೆಟ್ಟಿಲು ಹತ್ತಿ, ಓಡಿ, ತೂಕ ಇಳಿಸಿ. ಅದನ್ನೆಲ್ಲ ಒಂದು ವರ್ಷ ಮಾಡಿದೆ. ಹತ್ತುವ ವೇಗ ಹೆಚ್ಚಿತು, ಇಳಿಯುವಾಗ ತೊಡೆ ನಡುಗುವುದು ನಿಲ್ಲಲಿಲ್ಲ.

ಆಗ ತಿರುಗಿಸಿ ಯೋಚಿಸಿದೆ. ಪುತ್ತೂರಿನ ಬೀರಮಲೆ ಗುಡ್ಡಕ್ಕೆ ಆಟೋದಲ್ಲಿ ಹತ್ತಿ, ನಡೆದು ಇಳಿಯತೊಡಗಿದೆ. ಮತ್ತೆ ಆಟೋ, ಮತ್ತೆ ಇಳಿಯುವುದು. ಆಟೋದವರು ಮೊದಲ ದಿನ ನನ್ನನ್ನು ವಿಚಿತ್ರವಾಗಿ ನೋಡಿದರು, ಆಮೇಲೆ ಬೆಳಗ್ಗೆ ಅವರೇ ಬಂದು ಕಾಯುತ್ತಿದ್ದರು. ಒಂದು ಸಲಕ್ಕೆ ಎಂಬತ್ತು ರೂಪಾಯಿ ಕೊಡುತ್ತಿದ್ದೆ. ಮೂರು ತಿಂಗಳಿಗೆ ನಾಲ್ಕು ಸಾವಿರದಷ್ಟು ಆಗಿರಬಹುದು. ಜಿಮ್ಮಿಗೆ ಕಟ್ಟುವ ಶುಲ್ಕಕ್ಕಿಂತ ಕಡಿಮೆಯೇ. ಮೊದಲ ವಾರ ತೊಡೆಯ ಮುಂಭಾಗ ಮುಟ್ಟಿದರೆ ನೋಯುವಷ್ಟು ಬಿಗಿದುಕೊಂಡಿತು, ನೆಲದಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಮೂರನೆಯ ವಾರಕ್ಕೆ ಅಷ್ಟೇ ಇಳಿದರೂ ನೋವು ಬರಲಿಲ್ಲ. ಅಲ್ಲಿಗೆ ನನಗೆ ಉತ್ತರ ಸಿಕ್ಕಿತ್ತು.

ಭಾನುವಾರಗಳಲ್ಲಿ ಗಡಾಯಿಕಲ್ಲು. ಅಲ್ಲಿ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಯ ಮೆಟ್ಟಿಲುಗಳು ಸಾವಿರದ ಎಂಟುನೂರಕ್ಕೂ ಹೆಚ್ಚು, ಬಂಡೆಯಲ್ಲೇ ಕಡಿದವು, ಒಂದು ಇನ್ನೊಂದರಷ್ಟು ಎತ್ತರವಿಲ್ಲ. ಇಳಿಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಡೀ ಬೆಳ್ತಂಗಡಿ ತಾಲ್ಲೂಕಿನಲ್ಲಿ ಇಲ್ಲ. ಮಳೆಗಾಲದಲ್ಲಿ ಅದಕ್ಕೆ ಬಿಡದಾಗ ಕಾರಿಂಜ ದೇವಸ್ಥಾನದ ಮೆಟ್ಟಿಲು. ಅಲ್ಲಿ ಕೈಯಲ್ಲಿ ಚೀಲ ಹಿಡಿದರೆ ಮಂಗಗಳು ಬಿಡುವುದಿಲ್ಲ, ಬೆನ್ನಿಗೆ ಕಟ್ಟಿಕೊಳ್ಳಿ.

ಹೇಗೆ ಇಳಿಯುವುದು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಹೆಜ್ಜೆಯ ಸದ್ದು ನಿಮ್ಮ ಕಿವಿಗೆ ಬೀಳಬಾರದು. ಸದ್ದಾಯಿತೆಂದರೆ ಹಿಮ್ಮಡಿ ಬಡಿದಿದೆ, ಆ ಪೆಟ್ಟು ನೇರ ಮೊಣಕಾಲಿಗೆ ಹೋಗಿದೆ. ಮೊಣಕಾಲು ಎಂದೂ ಪೂರ್ತಿ ನೆಟ್ಟಗಾಗಬಾರದು. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿಯಾಗಿ ಕೂರಲಿ, ಮೈ ಹಿಂದಕ್ಕೆ ವಾಲದಿರಲಿ. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಜಾರುವುದೂ ಅದರಿಂದಲೇ. ಗಡಾಯಿಕಲ್ಲಿನಲ್ಲಿ ಒಂದು ಗಂಟೆ ಸದ್ದಿಲ್ಲದೆ ಇಳಿಯಲು ಬಂದ ಮೇಲೆ ಬೆನ್ನಿಗೆ ಎರಡು ಬಾಟಲಿ ನೀರು ಹಾಕಿಕೊಂಡೆ, ಆಮೇಲೆ ನಾಲ್ಕು. ಉದ್ದ ಇಳಿಜಾರಿನಲ್ಲಿ ಉಸಿರನ್ನು ಹೆಜ್ಜೆಗೆ ಹೊಂದಿಸುವ ಒಂದು ಲೆಕ್ಕವನ್ನೂ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನೊಂದಿಗೇ ಇರಲಿ.

ಇನ್ನು ಬೂಟಿನ ವಿಷಯ. ಆರೂವರೆ ಸಾವಿರ ಕೊಟ್ಟು ಕೊಂಡ ಬೂಟು ಎರಡು ಮಳೆಗಾಲ ಕಪಾಟಿನಲ್ಲಿ ಇತ್ತು. ಹೊರಗಿನಿಂದ ಹೊಸದರಂತೆಯೇ ಕಾಣುತ್ತಿತ್ತು. ಎತ್ತಿನ ಭುಜ ಎಂಬ ಬೆಟ್ಟಕ್ಕೆ ಶಿಶಿಲದ ಕಡೆಯಿಂದ ಹತ್ತುವಾಗ ಅಟ್ಟೆ ಕಳಚಿತು, ಒಳಗಿನ ಪದರ ಹಳೆಯ ರಸ್ಕಿನಂತೆ ಪುಡಿಪುಡಿಯಾಗಿ ಕೈಗೆ ಬಂತು. ಪಾಲಿಯುರೆಥೇನ್ ಪದರಕ್ಕೆ ನಮ್ಮ ಕರಾವಳಿಯ ತೇವ ಆಗಿಬರುವುದಿಲ್ಲ, ಹಾಕದೆ ಇಟ್ಟರೂ ಒಳಗಿಂದೊಳಗೇ ಕೆಡುತ್ತದೆ. ಆ ದಿನ ದುಪಟ್ಟಾ ಹರಿದು ಅಟ್ಟೆಯನ್ನು ಕಟ್ಟಿಕೊಂಡು ಇಳಿದೆ. ಅಂದಿನಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ, ಅಡಿಯಲ್ಲಿ ಉಬ್ಬುಗಳಿರುವ ಪ್ಲಾಸ್ಟಿಕ್ ಶೂ ಹಾಕುತ್ತಿದ್ದೇನೆ. ಸಂತೆಯಲ್ಲಿ ಮುನ್ನೂರೈವತ್ತೋ ನಾನೂರೋ. ಕಳಚುವುದಕ್ಕೆ ಅದರಲ್ಲಿ ಅಂಟಿಸಿದ್ದೇ ಏನೂ ಇಲ್ಲ. ಒಳಗೆ ಎರಡು ಜೊತೆ ಕಾಲುಚೀಲ ಹಾಕಬೇಕು, ಕಾಲುಗುರು ನಾಲ್ಕು ದಿನ ಮುಂಚೆಯೇ ಕತ್ತರಿಸಿಕೊಳ್ಳಬೇಕು. ನಯವಾದ ಒದ್ದೆ ಬಂಡೆಯ ಮೇಲೆ ಮಾತ್ರ ಇದನ್ನು ನಂಬಬೇಡಿ, ಮಣ್ಣು, ಹುಲ್ಲು, ಬೇರಿನ ಮೇಲೆ ಹಿಡಿತ ಚೆನ್ನಾಗಿದೆ.

ಕೋಲಿನದ್ದೂ ಅದೇ ಕಥೆ. ಸಾವಿರದ ಎಂಟುನೂರಕ್ಕೆ ತರಿಸಿದ ಅಲ್ಯೂಮಿನಿಯಂ ಜೋಡಿಯ ತಿರುಗಿಸುವ ಬಿಗಿತ ಶೇಷ ಪರ್ವತದ ಇಳಿಜಾರಿನಲ್ಲಿ ಜಾರಿ, ಕೋಲು ಅರ್ಧ ಮೊಳ ಒಳಗೆ ಹೋಯಿತು. ಭಾರ ಹಾಕಿದ ಗಳಿಗೆಯಲ್ಲೇ ಹಾಗಾಯಿತು, ಬಿದ್ದೆ. ಈಗ ಎರಡು ಬಿದಿರಿನ ಕೋಲು, ತುದಿಗೆ ಔಷಧದ ಅಂಗಡಿಯಲ್ಲಿ ಸಿಗುವ ಊರುಗೋಲಿನ ರಬ್ಬರ್. ಒಟ್ಟು ಖರ್ಚು ನೂರು ರೂಪಾಯಿಯ ಒಳಗೆ.

ಕುಡಿಯುವುದರಲ್ಲಿ ಮಾಡಿದ ಪ್ರಯೋಗಗಳು ಇನ್ನೂ ಹೆಚ್ಚು. ಗಿರಿಗದ್ದೆಯಿಂದ ಮೇಲೆ ನೆರಳಿಲ್ಲ, ಬೆವರು ನಿಲ್ಲುವುದಿಲ್ಲ. ಬರೀ ನೀರು ಕುಡಿದ ದಿನ ಮೀನಖಂಡ ಹಿಡಿದುಕೊಂಡಿತ್ತು. ಪೊಟ್ಟಣದ ಓಆರ್‌ಎಸ್ ಕೆಲಸ ಮಾಡಿತು, ಹಸಿವು ತಣಿಸಲಿಲ್ಲ. ಪುನರ್ಪುಳಿ (ಕೋಕಂ) ಶರಬತ್ತು ಮೊದಲ ಗಂಟೆಗೆ ಅಮೃತ, ಮೂರನೆಯ ಗಂಟೆಗೆ ಬಾಯೆಲ್ಲ ಅಂಟು. ರಾಗಿ ಅಂಬಲಿ ಬಾಟಲಿಯ ಬಾಯಲ್ಲೇ ಗಟ್ಟಿಯಾಯಿತು. ಕೊನೆಗೆ ನಿಂತದ್ದು ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ. ಉಪ್ಪು ತುಸು ಹೆಚ್ಚೇ, ಜಜ್ಜಿದ ಶುಂಠಿ, ಸ್ವಲ್ಪ ಮಜ್ಜಿಗೆ. ಮೊದಲ ಸಲ ರಾತ್ರಿಯೆಲ್ಲ ಕುಕ್ಕೆಯ ಕೋಣೆಯಲ್ಲಿಟ್ಟು ಬೆಳಗ್ಗೆ ಬಿರಡೆ ತೆರೆದಾಗ ಹುಳಿದು ಉಕ್ಕಿ ಗೋಡೆಗೆ ಹಾರಿತ್ತು. ಈಗ ಮನೆಯಲ್ಲೇ ಬಾಟಲಿಯನ್ನು ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಟ್ಟು, ಪತ್ರಿಕೆ ಸುತ್ತಿ, ಅದರ ಮೇಲೆ ಬೈರಾಸು (ಟವೆಲ್) ಸುತ್ತಿ ಸಂಜೆಯ ಬಸ್ಸಿಗೆ ಒಯ್ಯುತ್ತೇನೆ. ಕಲ್ಲುಮಂಟಪ ತಲಪುವ ಹೊತ್ತಿಗೂ ತಂಪು ಉಳಿದಿರುತ್ತದೆ. ಎರಡು ಲೀಟರು ಇದು, ಒಂದು ಲೀಟರು ನೀರು. ಮೇಲೆ ಮತ್ತೆ ತುಂಬಿಸಿಕೊಳ್ಳುವ ಜಾಗ ನನಗೆ ಗೊತ್ತು. ಬರೆದರೆ ಮುಂದಿನ ತಿಂಗಳೇ ಅಲ್ಲಿ ಪ್ಲಾಸ್ಟಿಕ್ ರಾಶಿ ಬೀಳುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಉಂಬಳದ (ಕಾಡಿನ ಜಿಗಣೆ) ಬಗ್ಗೆ ಎರಡು ಮಾತು. ಅಕ್ಟೋಬರ್, ನವೆಂಬರಿನಲ್ಲಿ ಕೆಳಗಿನ ಕಾಡಿನಲ್ಲಿ ಕಾಟ ಇದ್ದೇ ಇದೆ. ಬರೀ ಉಪ್ಪು ಬೆವರಿಗೆ ತೊಳೆದುಹೋಗುತ್ತದೆ, ಬೇವಿನೆಣ್ಣೆ ಒಂದು ಗಂಟೆ ನಿಲ್ಲುತ್ತದೆ. ನಾನು ತೆಂಗಿನೆಣ್ಣೆಯಲ್ಲಿ ನಶ್ಯ ಮತ್ತು ಸುಣ್ಣ ಕಲಸಿ ಕಾಲುಚೀಲದ ಹೊರಗೆ ಹಚ್ಚುತ್ತೇನೆ. ಚರ್ಮಕ್ಕೆ ತಾಗಿಸಬೇಡಿ, ಸುಡುತ್ತದೆ. ಎಷ್ಟಕ್ಕೆ ಎಷ್ಟು ಎಂಬುದನ್ನು ನೀವೇ ಹುಡುಕಿಕೊಳ್ಳಿ, ನನಗೆ ಅದು ಸುಲಭಕ್ಕೆ ಸಿಕ್ಕಿದ್ದಲ್ಲ.

ಡಿಸೆಂಬರಿನ ಆ ದಿನದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಬೆಳಕು ಹರಿಯುವಾಗ ಕಾಡಿನ ದಾರಿಯಲ್ಲಿದ್ದೆವು. ಭಟ್ಟರ ಮನೆಯ ಹತ್ತಿರ ಎಂಟೂವರೆ. ಹುಡುಗರು ಆಗಲೇ ಮುಕ್ಕಾಲು ಗಂಟೆ ಮುಂದಿದ್ದರು. ಕಲ್ಲುಮಂಟಪಕ್ಕೆ ಹತ್ತೂಕಾಲು. ಶೇಷ ಪರ್ವತದ ಅಂಚಿಗೆ ಹನ್ನೊಂದೂವರೆಯ ಸುಮಾರಿಗೆ ಬಂದಾಗ ಕೆಳಗಿನಿಂದ ಮೋಡ ಏರುತ್ತಿತ್ತು. ಅಲ್ಲಿ ನೆಲ ಒಮ್ಮೆಗೇ ಮುಗಿದು ಕಡಿದಾದ ಗೋಡೆಯಾಗುತ್ತದಲ್ಲ, ಆ ಗೋಡೆಗೆ ತಾಗಿ ಮೋಡ ಮೇಲಕ್ಕೆ ಬಂದು, ನಮ್ಮ ಪಾದದ ಮಟ್ಟದಲ್ಲಿ ಹಿಂದಕ್ಕೆ ಮಡಚಿಕೊಂಡು ಮತ್ತೆ ಕೆಳಗಿಳಿಯುತ್ತಿತ್ತು. ಹುಲ್ಲು ಆಗಷ್ಟೇ ಹೊಂಬಣ್ಣಕ್ಕೆ ತಿರುಗಿತ್ತು. ಬುಡ ಇನ್ನೂ ಹಸಿರು, ಗಾಳಿ ಬೀಸಿದಾಗ ಮಾತ್ರ ಆ ಹಸಿರು ಕಾಣುತ್ತಿತ್ತು. ಈ ಒಂದು ನೋಟಕ್ಕಾಗಿ ನಾನು ಇನ್ನೂ ಹತ್ತು ವರ್ಷ ಗಂಜಿ ಹೊತ್ತುಕೊಂಡು ಹತ್ತುತ್ತೇನೆ. ಎಷ್ಟೋ ಜನ ಇಲ್ಲಿಂದಲೇ ಹಿಂದಿರುಗುತ್ತಾರೆ. ಮುಂದಿನ ಶೋಲಾ ಕಾಡಿಗೆ ಇಳಿದು ಬಂಡೆ ಹತ್ತಿದರೆ ತುದಿ ಇನ್ನೊಂದು ಗಂಟೆಯ ದಾರಿ. ನಾವು ತುದಿ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಒಂದು ಗಂಟೆಗೆ ಎಲ್ಲೇ ಇದ್ದರೂ ತಿರುಗುವುದು ಎಂದು ಮೊದಲೇ ನಿಶ್ಚಯಿಸಿದ್ದೆವು, ತಿರುಗಿದೆವು.

ಮೊದಲು ಮುಂದೆ ಹೋಗಿದ್ದ ಹುಡುಗರು ಗಿರಿಗದ್ದೆಯ ಇಳಿಜಾರಿನಲ್ಲಿ ಸಿಕ್ಕರು, ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದರು. ಅವರಿಗೆ ಒಂದು ಕೋಲು, ಉಳಿದ ಗಂಜಿ ಕೊಟ್ಟೆ. ಕೆಳಗಿನ ಕಾಡಿನಲ್ಲಿ ತೊಡೆ ಯಾವಾಗ ನಡುಗುವುದೋ ಎಂದು ಗಮನವಿಟ್ಟು ನಡೆದೆ. ನಡುಗಲಿಲ್ಲ. ಆರಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಕುಕ್ಕೆಯ ರಸ್ತೆಯಲ್ಲಿದ್ದೆ.

ಖರ್ಚು: ಪುತ್ತೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಕೋಣೆಯಲ್ಲಿ ನನ್ನ ಪಾಲು ಮುನ್ನೂರು, ಅರಣ್ಯ ಇಲಾಖೆಯ ಶುಲ್ಕ ಮುನ್ನೂರೈವತ್ತರ ಆಸುಪಾಸು, ತಿಂಡಿ ಕಾಫಿಗೆ ನೂರೈವತ್ತು. ಇದೇ ಬೆಟ್ಟಕ್ಕೆ ಪ್ಯಾಕೇಜಿನವರು ಇದಕ್ಕಿಂತ ಬಹಳ ಹೆಚ್ಚು ಕೇಳುತ್ತಾರೆ.

ಮೊಣಕಾಲು ಇನ್ನೂ ಹೊಂದಿಕೊಳ್ಳದವರಿಗೆ ನಾನು ಈಗ ಮಾಡಿಸುತ್ತಿರುವ ಪ್ರಯೋಗ ಕೊಡಚಾದ್ರಿಯಲ್ಲಿ. 1,343 ಮೀಟರಿನ ಬೆಟ್ಟ, ಕೊಲ್ಲೂರಿನಿಂದ ಜೀಪು ಸಿಗುತ್ತದೆ, ತಲೆಗೆ ನಾಲ್ಕೈದು ನೂರು. ಜನ ಹತ್ತಿ ಸುಸ್ತಾಗಿ ಜೀಪಿನಲ್ಲಿ ಇಳಿಯುತ್ತಾರೆ, ನಾವು ಜೀಪಿನಲ್ಲಿ ಹತ್ತಿ, ಸರ್ವಜ್ಞ ಪೀಠ ನೋಡಿಕೊಂಡು, ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಸದ್ದಿಲ್ಲದೆ ನಡೆದು ಇಳಿಯುತ್ತೇವೆ. ಜಲಪಾತದ ಪಕ್ಕದ ಬಂಡೆಗಳು ನವೆಂಬರಿನವರೆಗೂ ಜಾರುತ್ತವೆ, ಅದಕ್ಕೆ ಮುಂಚೆ ಹೋಗಬೇಡಿ. ಹೋದ ಸಲ ಬಂದ ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು ಈಗ ವಾರಕ್ಕೆ ಮೂರು ದಿನ ಬೀರಮಲೆಗೆ ಆಟೋ ಹಿಡಿಯುತ್ತಿದ್ದಾರೆ. ಒಂದೇ ಆಟೋದಲ್ಲಿ ಮೂವರು ಹೋಗುವುದರಿಂದ ತಲೆಗೆ ಮೂವತ್ತು ರೂಪಾಯಿಯೂ ಬೀಳುವುದಿಲ್ಲ.