ಪತ್ತನಾಜೆಯಿಂದ ಪತ್ತನಾಜೆಗೆ: ಸ್ವಂತ ದುಡಿಮೆಯ ದಂಪತಿ ವರ್ಷ ಹೊಂದಿಸುವುದು ಹೇಗೆ?

ಮೇ ತಿಂಗಳಲ್ಲಿ ಹೊಸ ಫ್ರಿಜ್, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಬಳೆ ಅಡವು. ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆ ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಪಂಪ್‌ಸೆಟ್ ರಿಪೇರಿಯವ, ಮನೆಯಾಕೆ ರವಿಕೆ ಹೊಲಿಯುವವಳು. ಮೊದಲೆರಡು ವರ್ಷ ನಮ್ಮದೂ ಇದೇ ಕತೆ.

ಮೊದಲು: ವರ್ಷವನ್ನು ಜನವರಿಯಿಂದ ಎಣಿಸಬೇಡಿ. ಮೇ 24ರ ಹೊತ್ತಿಗೆ ಪತ್ತನಾಜೆ, ತುಳುನಾಡಿನಲ್ಲಿ ಆಟ-ಉತ್ಸವಗಳ ಕಾಲ ಮುಗಿಯುವ ದಿನ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮಗಳು ನಿಲ್ಲುತ್ತವೆ, ಗಿರಾಕಿಯ ಕೈಯೂ ಬಿಗಿಯಾಗುತ್ತದೆ. ಅಲ್ಲಿಂದ ಶುರುಮಾಡಿದರೆ ಕಷ್ಟದ ತಿಂಗಳುಗಳೇ ಮೊದಲು ಕಣ್ಣಿಗೆ ಬೀಳುತ್ತವೆ.

ಎರಡನೆಯದು: ಹಿಂದಿನ ಎರಡು ವರ್ಷದ ಆದಾಯವನ್ನು ಪುಸ್ತಕ ನೋಡಿ ತಿಂಗಳುವಾರು ಬರೆಯಿರಿ. ನನ್ನದು ತೋಟಕ್ಕೆ ನೀರು ಬಿಡುವ ಡಿಸೆಂಬರ್‌ನಿಂದ ಮೇವರೆಗೆ. ಅವಳದು ಮದುವೆ, ಶಾಲೆ ಯೂನಿಫಾರ್ಮು, ಓಣಂ. ಇದಕ್ಕೆಂದು ಚಿನ್ನದಂಚಿನ ಪ್ಲಾನರ್ ಡೈರಿ ತರಬೇಡಿ. ನಮ್ಮ ಮಳೆಗೆ ಹಾಳೆ ಉಬ್ಬಿ ಜುಲೈ ಪುಟ ಆಗಸ್ಟಿಗೆ ಅಂಟಿಕೊಳ್ಳುತ್ತದೆ. ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು.

ಮೂರನೆಯದು ಸಂಬಳ. ಎಲ್ಲರೂ ಎಡವುವುದು ಇಲ್ಲೇ. ಬಂದ ದುಡ್ಡೆಲ್ಲ ಆದಾಯವಲ್ಲ. ತಾಮ್ರದ ತಂತಿ, ಬೇರಿಂಗ್, ಲೈನಿಂಗ್ ಬಟ್ಟೆಯ ಖರ್ಚು ಕಳೆಯಿರಿ. ಬಾಕಿ ಬರಬೇಕಾದ ಉದ್ರಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಇಬ್ಬರದ್ದೂ ಸೇರಿ ವರ್ಷಕ್ಕೆ 3,60,000 ರೂಪಾಯಿ ಉಳಿಯಿತು ಅನ್ನೋಣ. ಅದರಲ್ಲಿ 36,000 ಆಸ್ಪತ್ರೆ, ಅಪಘಾತಕ್ಕೆಂದು ಬದಿಗಿಡಿ. ಮಿಕ್ಕ 3,24,000ವನ್ನು ಹನ್ನೆರಡರಿಂದ ಭಾಗಿಸಿ: 27,000. ಪ್ರತಿ ತಿಂಗಳು ಒಂದನೇ ತಾರೀಕಿಗೆ ಮನೆ ಖಾತೆಗೆ ಹೋಗುವುದು ಅಷ್ಟೇ. ಏಪ್ರಿಲಿನಲ್ಲಿ 60,000 ಬಂದರೂ 27,000, ಜುಲೈಯಲ್ಲಿ 6,000 ಬಂದರೂ 27,000. ಹೆಚ್ಚಾದದ್ದು ‘ಮಳೆ ಖಾತೆ’ಗೆ, ಕಡಿಮೆ ಬಿದ್ದದ್ದು ಅಲ್ಲಿಂದ. ಆ ಖಾತೆಗೆ ಎಟಿಎಂ ಕಾರ್ಡೇ ತೆಗೆದುಕೊಳ್ಳಬೇಡಿ.

ಒಂದು ತೊಡಕಿದೆ. ಮೊದಲ ವರ್ಷ ಪತ್ತನಾಜೆಗೆ ಮಳೆ ಖಾತೆ ಖಾಲಿ ಇರುತ್ತದೆ. ಹಾಗಾಗಿ ಡಿಸೆಂಬರಿನಲ್ಲೇ ಲೆಕ್ಕ ಹಾಕಿ, ಆರು ತಿಂಗಳು ಕೈ ಬಿಗಿಹಿಡಿದು ತುಂಬಿಸಿ. ನಾನು ಇದನ್ನು ಬಿಟ್ಟು ನೇರ ಜೂನ್‌ನಲ್ಲಿ ಶುರುಮಾಡಿ, ಆಗಸ್ಟಿಗೆ ಭಾವನ ಹತ್ತಿರ ಕೈಸಾಲಕ್ಕೆ ಹೋಗಿದ್ದೆ. ಇಬ್ಬರ ಕೈಖರ್ಚಿಗೂ ಸಮಾನ ಹಣ ಇರಲಿ. ಯಾರ ದುಡಿಮೆ ಹೆಚ್ಚು ಎಂಬ ಮಾತು ಊಟದ ಹೊತ್ತಿಗೆ ಬೇಡ.

ತೆರಿಗೆ, ಪಂಚಾಯತ್ ಲೈಸೆನ್ಸಿನ ದಿನಗಳಿಗೆ ಕೆಂಪು ಗುರುತು. ಅಂದಾಜು ಆದಾಯದ ಪದ್ಧತಿಯಲ್ಲಿ (ವಹಿವಾಟಿನ ಇಂತಿಷ್ಟು ಪಾಲನ್ನೇ ಆದಾಯವೆಂದು ತೋರಿಸುವುದು) ತೆರಿಗೆ ಕಟ್ಟುವವರಿಗೆ ಮುಂಗಡ ತೆರಿಗೆಯ ಕೊನೇ ದಿನ ಮಾರ್ಚ್ 15.

ಆರ್ಡರ್ ನಿಲ್ಲಿಸುವ ದಿನವನ್ನೂ ಈಗಲೇ ಬರೆಯಿರಿ. ಒಂದು ಉತ್ರಾಡದ, ಅಂದರೆ ಓಣಂ ಹಿಂದಿನ ದಿನದ, ರಾತ್ರಿ ಎರಡು ಗಂಟೆಗೆ ನೋಡಿದರೆ, ಇವಳು ಅರ್ಧ ಹೊಲಿದ ಹುಕ್ಕು, ಸೂಜಿ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಳು. ಈಗ ಓಣಂಗೆ ಹತ್ತು ದಿನ ಮೊದಲೇ ಬಾಗಿಲಲ್ಲಿ ಸ್ಲೇಟು ತೂಗುತ್ತದೆ: ‘ಇನ್ನು ಬಟ್ಟೆ ತೆಗೆದುಕೊಳ್ಳುವುದಿಲ್ಲ’.

ರಜೆ ಇಬ್ಬರಿಗೂ ಒಂದೇ ವಾರ, ಅದೂ ಆಟಿಯಲ್ಲೇ. ಮೊದಲ ಸಲ ಎಂಟು ದಿನ ಅಂಗಡಿ ಮುಚ್ಚುವಾಗ ನನಗೆ ಗಿರಾಕಿ ತಪ್ಪುವ ಹೆದರಿಕೆ. ಬಂದದ್ದು ಒಂದೇ ಫೋನು, ಅದೂ ರಾಂಗ್ ನಂಬರ್. ಆ ಮಳೆಯಲ್ಲಿ ಪಂಪು ಯಾರಿಗೆ ಬೇಕು?